ಹಂಚಿನ ಮಾಡು, ಮಣ್ಣಿನ ಮಾಳಿಗೆ: ನಮ್ಮ ಮನೆಯ ದುರಸ್ತಿ

ಧಾರವಾಡದಲ್ಲಿರುವ ನಮ್ಮ ಹಳೆಯ ಮನೆಯ ಮುಂಭಾಗಕ್ಕೆ ಮಂಗಳೂರು ಹಂಚಿನ ಮಾಡು, ಹಿಂಭಾಗಕ್ಕೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಹೊದಿಸಿದ ಸಮತಟ್ಟಾದ ಛಾವಣಿ ಇದೆ. ಎರಡನ್ನೂ ದುರಸ್ತಿ ಮಾಡಿಸುವ ಮೊದಲು, ಗೌಂಡಿ ಮತ್ತು ಬಡಿಗೇರರೊಡನೆ ಸ್ಪಷ್ಟವಾಗಿ ಮಾತನಾಡಲು ಅನುಕೂಲವಾಗಲೆಂದು, ಛಾವಣಿಯ ಭಾಗಗಳನ್ನು ಭಾರ ಹೊರುವವು, ನೀರು ಸಾಗಿಸುವವು ಎಂದು ಎರಡು ಗುಂಪಾಗಿ ಬರೆದುಕೊಂಡೆ.

ಭಾರದ ಲೆಕ್ಕ ಸರಳ. ಹಂಚು ರೀಪಿನ (ಅಡ್ಡಲಾಗಿ ಹೊಡೆದ ಮರದ ಪಟ್ಟಿ) ಮೇಲೆ, ರೀಪು ಪಕಾಸಿನ (ನೆತ್ತಿಯಿಂದ ಸೂರಿನವರೆಗೆ ಇಳಿಯುವ ಮರ) ಮೇಲೆ ಕೂರುತ್ತದೆ. ಪಕಾಸಿನ ಮೇಲ್ತುದಿಗೆ ನೆತ್ತಿಯ ತೊಲೆ, ಕೆಳತುದಿಗೆ ಗೋಡೆ ಆಸರೆ. ಹಂಚಿನ ಅಡಿಯಲ್ಲಿರುವ ಗುಬುಟು ರೀಪಿಗೆ ಸಿಕ್ಕಿಕೊಳ್ಳುವುದರಿಂದ, ಮತ್ತು ಹಂಚಿನ ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ತುಸು ಬೇರೆಯಾಗುವುದರಿಂದ, ತಂದ ಹಂಚುಗಳನ್ನೇ ಜೋಡಿಸಿ ನೋಡಿ ರೀಪುಗಳ ಅಂತರವನ್ನು ಗುರುತು ಹಾಕಿಸಿದೆ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು, ಒಂದೊಂದು 2ರಿಂದ 3 ಕಿಲೋ ತೂಗುತ್ತದೆ. ಮಳೆಯಲ್ಲಿ ನೀರು ಹೀರಿದಾಗ ತೂಕ ಇನ್ನೂ ಹೆಚ್ಚು. ಗೆದ್ದಲು ಹಿಡಿದ ಪಕಾಸುಗಳನ್ನು ಹಾಗೆಯೇ ಬಿಟ್ಟು ಹಂಚನ್ನಷ್ಟೇ ಬದಲಿಸುವುದು ನನ್ನ ದೃಷ್ಟಿಯಲ್ಲಿ ದಂಡದ ಖರ್ಚು.

ನೀರಿನ ದಾರಿ ಇಷ್ಟು ಸರಳವಲ್ಲ. ಸೂರಿನಿಂದ ಆರಂಭಿಸಿ ಮೇಲಕ್ಕೆ ಹೊದಿಸುತ್ತ ಹೋದರೆ ಮೇಲಿನ ಸಾಲು ಕೆಳಗಿನ ಸಾಲನ್ನು ಮುಚ್ಚುತ್ತದೆ, ಕೊನೆಯಲ್ಲಿ ನೆತ್ತಿಯ ಮೇಲೆ ಬಾಗು ಹಂಚನ್ನು ಕವುಚಿ ಗಾರೆ ಹಾಕುತ್ತಾರೆ. ಬರೀ ಹಂಚಿನ ಇಳಿಜಾರು ಸೋರುವುದು ಅಪರೂಪ. ಸೋರುವುದು ಹೆಚ್ಚಾಗಿ ಕೂಡುವ ಜಾಗಗಳಲ್ಲಿ. ಎರಡು ಇಳಿಜಾರುಗಳು ಒಳಮೂಲೆಯಲ್ಲಿ ಸೇರುವ ತಗಡಿನ ದೋಣಿ, ಇಳಿಜಾರು ಗೋಡೆಗೆ ತಾಗುವ ಅಂಚು, ಇವೆರಡನ್ನು ಮೊದಲು ನೋಡಬೇಕು. ಒಳಗೆ ಕಲೆ ಕಂಡ ಜಾಗದ ಮೇಲೆಯೇ ರಂಧ್ರ ಇರುತ್ತದೆಂಬ ಖಾತ್ರಿಯಿಲ್ಲ, ಏಕೆಂದರೆ ಒಳನುಗ್ಗಿದ ನೀರು ಪಕಾಸಿನ ಗುಂಟ ಇಳಿದು ಕೆಳಗೆಲ್ಲೋ ತೊಟ್ಟಿಕ್ಕುತ್ತದೆ. ನಮ್ಮಲ್ಲಿ ಕಲೆಯಿಂದ ಮೇಲಕ್ಕೆ ಹುಡುಕುತ್ತ ಹೋದಾಗ, ಮಾಡು ಮಾಳಿಗೆಯ ಗೋಡೆಗೆ ತಾಗುವಲ್ಲಿ ಸಿಮೆಂಟು ಬಿರಿದಿರುವುದು ಕಂಡಿತು. ಮರ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಗೋಡೆ ಅಲುಗದು. ಅವುಗಳ ನಡುವಿನ ಸಿಮೆಂಟು ಬಿರಿಯದೆ ಇನ್ನೇನಾದೀತು? ಗೌಂಡಿ ಮತ್ತೆ ಸಿಮೆಂಟು ಮೆತ್ತುವ ಮಾತಾಡಿದರೂ ನಾನು ಒಪ್ಪದೆ, ಗೋಡೆಯಲ್ಲಿ ಉದ್ದಕ್ಕೂ ಸಣ್ಣ ಸೀಳು ಕೊರೆಸಿ, ಜಸ್ತದ ತಗಡಿನ ಮೇಲಂಚನ್ನು ಅದರೊಳಗೆ ಸೇರಿಸಿ, ಕೆಳಂಚನ್ನು ಹಂಚಿನ ಮೇಲೆ ಬಾಗಿಸಿ, ಅಂಟಿಸದೆ ಹಾಗೆಯೇ ಬಿಡಿಸಿದೆ.

ಮಾಳಿಗೆಯ ರಚನೆ ಬೇರೆ. ಗದಗದ ಕಡೆಯ ಹಳ್ಳಿಗಳಲ್ಲಿ ಇಂಥ ಮನೆಗಳು ಈಗಲೂ ಇವೆ. ತೊಲೆಯ ಮೇಲೆ ಜಂತಿ (ಅಡ್ಡಲಾಗಿ ಸಾಲಾಗಿ ಇಟ್ಟ ಸಣ್ಣ ಮರಗಳು), ಜಂತಿಯ ಮೇಲೆ ಹಲಗೆ, ಅದರ ಮೇಲೆ ದಪ್ಪನಾಗಿ ಹರಡಿ ಬಡಿದ ಮಣ್ಣು. ಮೇಲ್ಪದರಕ್ಕೆ ಸವಳು (ಉಪ್ಪು, ಕ್ಷಾರದ ಅಂಶವಿರುವ) ಮಣ್ಣನ್ನು ಬಳಸುವುದಕ್ಕೆ ಕಾರಣವಿದೆ: ಅದರಲ್ಲಿನ ಸೋಡಿಯಂನಿಂದಾಗಿ ಜೇಡಿಯ ಕಣಗಳು ನೀರು ಬಿದ್ದಾಗ ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಬೆಳಕಿಂಡಿಯ ಅಂಚನ್ನು ಎತ್ತರಿಸಿ, ಕುಂಬಿಯ (ಮಾಳಿಗೆಯ ಅಂಚಿನ ಗಿಡ್ಡ ಗೋಡೆ) ಬುಡಕ್ಕೆ ಗಾರೆ ಹಿಡಿಸಿ, ಇಳಿಜಾರನ್ನು ಪನಾಳಿಯ (ನೀರು ಹೊರಬೀಳುವ ಕೊಳವೆ) ಕಡೆಗೆ ತಿರುಗಿಸಿದೆವು. ಪನಾಳಿಯನ್ನು ಒಂದು ಅಡಿಗಿಂತ ಹೆಚ್ಚು ಹೊರಚಾಚಿಸಿ, ನೀರು ಬೀಳುವಲ್ಲಿ ಕಲ್ಲುಚಪ್ಪಡಿ ಹಾಸಿದೆವು. ಬುನಾದಿಯ ಕರಿಮಣ್ಣು ನೀರು ಕುಡಿದು ಉಬ್ಬಿದರೆ ಗೋಡೆಯೇ ಬಿರಿಯುತ್ತದೆ.