ಮಳೆ ಮುಗಿದ ಮೇಲೆ ಹಳೇ ಕಾರಿನ ಒಳಗೆ

ನಮ್ಮ ಮನೆಯ ಮಾರುತಿ 800 2004ರದ್ದು. ಆ ಕಾರು ತಯಾರಿಸುವುದನ್ನು ಕಂಪನಿಯೇ 2014ರಲ್ಲಿ ನಿಲ್ಲಿಸಿತು. ನಾವು ಮಾತ್ರ 15 ವರ್ಷ ತುಂಬಿದಾಗ ಆರ್‌ಸಿ ರಿನ್ಯೂ ಮಾಡಿಸಿದೆವು, 5 ವರ್ಷ ಬಿಟ್ಟು ಮತ್ತೊಮ್ಮೆ ಮಾಡಿಸಿದೆವು. ಬಾನೆಟ್ಟಿನ ಕೆಳಗಿನದೆಲ್ಲ ನಮ್ಮ ಮನೆಯವರ ಪಾಲು. ಬಾಗಿಲು ತೆಗೆದರೆ ಕಾಣುವುದೆಲ್ಲ ನನ್ನ ಪಾಲು.

ತೀರ್ಥಹಳ್ಳಿ ಕಡೆಯ ಮಳೆ ನಿಮಗೆ ಗೊತ್ತಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಬೀರುವಿನೊಳಗಿನ ಸೀರೆಗೇ ಬೂಷ್ಟು ಹಿಡಿಯುತ್ತದೆ. ಇನ್ನು ಗಾಜು ಏರಿಸಿ ನಿಲ್ಲಿಸಿದ ಕಾರನ್ನು ಬಿಡುತ್ತದೆಯೇ? ಆಯುಧಪೂಜೆ ಹತ್ತಿರ ಬಂದಾಗ ಎಲ್ಲರೂ ಹೊರಗಡೆ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಒಳಗೆ ಒಂದು ಸೆಂಟಿನ ಡಬ್ಬಿ ಇಟ್ಟು ಮುಗಿಸುತ್ತಾರೆ. ಎರಡೇ ದಿನಕ್ಕೆ ಸೆಂಟು, ಬೂಷ್ಟು ಎರಡೂ ಸೇರಿದ ಇನ್ನೊಂದು ವಾಸನೆ ಹುಟ್ಟುತ್ತದೆ. ಅದು ಮೊದಲಿನದಕ್ಕಿಂತ ಕೆಟ್ಟದ್ದು.

ನಾನು ಮೊದಮೊದಲು ಮಾಡಿದ ತಪ್ಪು ಇನ್ನೂ ದೊಡ್ಡದು. ಮೋಡ ಕವಿದ ದಿನ ಒಂದು ಬಕೆಟ್ ಸೋಪಿನ ನೀರು ಮಾಡಿಕೊಂಡು ಸೀಟು, ಕಾರ್ಪೆಟ್ ಎಲ್ಲ ಒದ್ದೆ ಮಾಡಿ ತೊಳೆದೆ. ಮೇಲೆ ಒಣಗಿದಂತೆ ಕಂಡಿತು. ಒಳಗಿನ ಫೋಮ್ ವಾರವಾದರೂ ಒಣಗಲಿಲ್ಲ. ಒಂದು ಕಡೆ ಇದ್ದ ಬೂಷ್ಟು ನಾಲ್ಕು ಕಡೆ ಆಯಿತು. ಅದಕ್ಕೇ ಹೇಳುವುದು, ಬ್ರಷ್ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಕೊಳೆ ಆಮೇಲೆ ನೋಡಿಕೊಂಡರಾಯಿತು.

ಹುಡುಕುವುದಕ್ಕೆ ಖರ್ಚೇನೂ ಇಲ್ಲ. ಕಾಲಿಡುವ ಜಾಗದ ಮ್ಯಾಟ್ ತೆಗೆದು ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ. ಅಲ್ಲಿ ದಪ್ಪನೆಯ ಫೆಲ್ಟ್ ಇರುತ್ತದೆ. ಸ್ಪಂಜಿನ ಹಾಗೆ ನೀರು ಕುಡಿದು ಸುಮ್ನೆ ಕೂತಿರುತ್ತದೆ, ಅದರ ಕೆಳಗೆ ತಗಡು ತುಕ್ಕು ಹಿಡಿಯುತ್ತಿರುತ್ತದೆ. ನಾಲ್ಕೂ ಕಡೆ ಹಳೇ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಯಾವುದು ಒದ್ದೆಯಾಗಿದೆಯೋ ಆ ಕಡೆ ಕಳ್ಳ ಇದ್ದಾನೆ. ಆಮೇಲೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಚೊಂಬಿನಲ್ಲಿ ನೀರು ಹೊಯ್ಯಬೇಕು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೊದಲೇ ಚಾವಣಿ ಮೇಲೆ ಸುರಿದರೆ ಎಲ್ಲಿಂದ ಇಳಿಯಿತು ಎಂದು ತಿಳಿಯುವುದೇ ಇಲ್ಲ.

ನಮ್ಮ ಕಾರು ಹಲಸಿನ ಮರದ ಕೆಳಗೆ ನಿಲ್ಲುತ್ತಿತ್ತು. ವೈಪರ್ ಕೆಳಗೆ ಕಪ್ಪು ಜಾಲರಿ ಇದೆ ನೋಡಿ, ಅದರೊಳಗೆ ಎಲೆ ಬಿದ್ದು ಕೊಳೆತು ನೀರು ಹೋಗುವ ತೂತು ಮುಚ್ಚಿಹೋಗಿತ್ತು. ನೀರು ತುಂಬಿಕೊಂಡು, ಹೊರಗಿನ ಗಾಳಿ ಒಳಗೆ ಬರುವ ದಾರಿಯಲ್ಲೇ ಇಳಿದು ಎಡಗಡೆ ಕಾಲಿಡುವ ಜಾಗಕ್ಕೆ ಬರುತ್ತಿತ್ತು. ಒಂದು ಬೊಗಸೆ ಗೊಬ್ಬರ ತೆಗೆದೆ. ತುಂಬಾ ಚೆನ್ನಾಗಿತ್ತು, ಗುಲಾಬಿ ಗಿಡಕ್ಕೆ ಹಾಕಿದೆ. ಬಾಗಿಲಿನ ಕೆಳ ಅಂಚಿನಲ್ಲೂ ಸಣ್ಣ ತೂತುಗಳಿರುತ್ತವೆ. ಅವನ್ನು ಪೊರಕೆ ಕಡ್ಡಿಯಿಂದ ಬಿಡಿಸಿ. ಬಾಗಿಲು ತೆಗೆಯುವಾಗ ಒಳಗೆ ಗುಳುಗುಳು ಎಂದು ನೀರಿನ ಸದ್ದು ಬಂದರೆ ಅವು ಕಟ್ಟಿವೆ ಎಂದೇ ಅರ್ಥ.

ಮಳೆಯೇ ಇಲ್ಲದ ದಿನ ಎಡಗಡೆ ಒದ್ದೆಯಾದರೆ ಎಸಿಯ ನೀರು ಹೊರಗೆ ಹೋಗುವ ಪೈಪ್ ಕಟ್ಟಿರಬಹುದು. ಮುಟ್ಟಿದರೆ ಅಂಟು, ಮೂಸಿದರೆ ಸಿಹಿ ಸಿಹಿ ವಾಸನೆ ಬಂದರೆ ಅದು ನೀರಲ್ಲ, ಹೀಟರಿನಿಂದ ಸೋರುವ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ. ಅದು ವಿಷ. ಮಕ್ಕಳು, ನಾಯಿ ಹತ್ತಿರ ಹೋಗದಂತೆ ನೋಡಿಕೊಂಡು ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಸೋರುವುದು ನಿಂತಿತು ಅಂದುಕೊಳ್ಳಿ. ಈಗ ಬಿಸಿಲು ಬೇಕು. ಸೆಪ್ಟೆಂಬರ್ ಕೊನೆಗೆ ಎರಡು ಮೂರು ದಿನ ಒಳ್ಳೆ ಬಿಸಿಲು ಬಂದರೆ ನಾನು ಮುಂದಿನ ಸೀಟುಗಳನ್ನು ಬಿಚ್ಚಿಸಿ ಅಂಗಳಕ್ಕೆ ಹಾಕುತ್ತೇನೆ. ಆಮೇಲೆ ಅಡಿಕೆ ಬಂದರೆ ಅಂಗಳದಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಸೀಟಿನ ಹಳಿಯ ತುದಿಗಳಲ್ಲಿ ಬೋಲ್ಟ್ ಇರುತ್ತವೆ. ಅವನ್ನು ಬಿಚ್ಚಿದರೆ ಸೀಟು ಹೊರಗೆ ಬರುತ್ತದೆ. ನಮ್ಮದರಲ್ಲಿ ಸೀಟಿನ ಅಡಿ ವೈರ್ ಇಲ್ಲ. ನಿಮ್ಮದರಲ್ಲಿ ಇದ್ದರೆ, ಅದರಲ್ಲೂ ಹಳದಿ ಬಣ್ಣದ ಕನೆಕ್ಟರ್ ಕಂಡರೆ, ಅದು ಏರ್‌ಬ್ಯಾಗಿನದು. ಮುಟ್ಟಬೇಡಿ. ಸೀಟು ಇದ್ದಲ್ಲೇ ಇರಲಿ, ನಾಲ್ಕೂ ಬಾಗಿಲು ತೆರೆದು ಒಣಗಿಸಿ.

ಬೂಷ್ಟನ್ನು ಒಣ ಬ್ರಷ್ಷಿನಲ್ಲಿ ಉಜ್ಜಬೇಡಿ. ಪುಡಿ ಹಾರಿ ಮೂಗಿಗೂ ಹೋಗುತ್ತದೆ, ಉಳಿದ ಸೀಟಿಗೂ ಹೋಗುತ್ತದೆ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಒಂದೇ ದಿಕ್ಕಿಗೆ ಒರೆಸಿ. ಬಟ್ಟೆಯನ್ನು ಆಗಾಗ ಬದಲಿಸಿ. ವಿನೆಗರ್ ವಾಸನೆ ಒಂದು ದಿನ ಇರುತ್ತದೆ, ಬಿಸಿಲಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕೋಣ ಅಂತ ಕೆಲವರಿಗೆ ಆಸೆ. ಬಟ್ಟೆಯ ಬಣ್ಣ ಹೋಗುತ್ತದೆ. ವಿನೆಗರ್ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಬೇಡವೇ ಬೇಡ.

ಬಟ್ಟೆಯ ಸೀಟಿಗೆ ನನ್ನ ಮದ್ದು ಅಂಟುವಾಳದ ನೊರೆ. ಹತ್ತು ಹನ್ನೆರಡು ಕಾಯಿ ಒಡೆದು ಬೀಜ ತೆಗೆದು ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಸಿಡಿ. ಬೆಳಿಗ್ಗೆ ಕಿವುಚಿ, ಸೋಸಿ, ಕಡೆಗೋಲಿನಲ್ಲಿ ಕಡೆದರೆ ನೊರೆ ಬರುತ್ತದೆ. ಆ ನೊರೆ ಮಾತ್ರ ಸ್ಪಂಜಿನಲ್ಲಿ ತೆಗೆದುಕೊಂಡು ಹಚ್ಚಿ, ಮೆತ್ತಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ನೀರು ಒಳಗಿನ ಫೋಮಿಗೆ ಇಳಿಯಬಾರದು. ಅಂಟುವಾಳದ ನೀರಿಗೆ ಕಂದು ಬಣ್ಣ ಇರುವುದರಿಂದ ಬಿಳಿ, ಕೆನೆ ಬಣ್ಣದ ಬಟ್ಟೆಗೆ ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ. ಅಂಟುವಾಳ ಸಿಗದವರು ಅರ್ಧ ಬಕೆಟ್ ನೀರಿಗೆ ಒಂದು ಚಮಚ ಶಾಂಪೂ ಹಾಕಿಕೊಳ್ಳಿ, ಅದೂ ಆಗುತ್ತದೆ. ರೆಕ್ಸಿನ್ ಸೀಟಾದರೆ ಇಷ್ಟೆಲ್ಲ ರಗಳೆ ಇಲ್ಲ. ಶಾಂಪೂ ನೀರು, ಹೊಲಿಗೆಯ ಸಂದಿಗೆ ಹಳೇ ಟೂತ್‌ಬ್ರಷ್, ಅಷ್ಟೇ.

ಕಲೆಗಳ ವಿಷಯ ಬಂದರೆ ನಮ್ಮ ನಾದಿನಿ ನೆನಪಾಗುತ್ತಾಳೆ. ಒಮ್ಮೆ ಆಗುಂಬೆ ಘಾಟಿಯ ತಿರುವಿನಲ್ಲಿ ಅವಳ ತೊಡೆ ಮೇಲಿದ್ದ ಕ್ಯಾರಿಯರ್ ಮಗುಚಿ ಹುಳಿ ಪೂರ್ತಿ ಹಿಂದಿನ ಸೀಟಿಗೆ. ಮನೆಗೆ ಬಂದು ಸೋಪು ಹಾಕಿ ಉಜ್ಜಿದ್ದೇ ಹಳದಿ ಕಲೆ ಕೆಂಪಗಾಯಿತು. ಅವಳು ಹೆದರಿಬಿಟ್ಟಳು. ಆರತಿ ನೀರಿಗೆ ಅರಿಶಿನ ಹಾಕಿ ಸುಣ್ಣ ಬೆರೆಸಿದರೆ ಕೆಂಪಾಗುತ್ತದಲ್ಲ, ಇದೂ ಅದೇ. ಸೋಪಿನಲ್ಲಿ ಕ್ಷಾರ ಇರುತ್ತದೆ. ಹೆದರುವುದು ಬೇಡ. ಮೊದಲು ಎಣ್ಣೆ ಜಿಡ್ಡಿನ ಮೇಲೆ ಕಡಲೆ ಹಿಟ್ಟು ಉದುರಿಸಿ ಅರ್ಧ ಗಂಟೆ ಬಿಡಿ, ಹಿಟ್ಟು ಜಿಡ್ಡು ಹೀರುತ್ತದೆ. ಅದನ್ನು ತೆಗೆದು, ಸೋಪಿನಲ್ಲಿ ಒರೆಸಿ, ಸೋಪು ಉಳಿಯದಂತೆ ಎರಡು ಮೂರು ಸಲ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಮೂರು ದಿನದಲ್ಲಿ ಆ ಕಲೆ ಎಲ್ಲಿತ್ತು ಎಂದು ಹುಡುಕಬೇಕಾಯಿತು.

ಹಾಲು ಚೆಲ್ಲಿದರೆ ಬಿಸಿನೀರು ಹಾಕಬೇಡಿ, ಗಟ್ಟಿಯಾಗಿ ಬಟ್ಟೆಗೆ ಕಚ್ಚುತ್ತದೆ. ತಣ್ಣೀರೇ ಸರಿ. ಘಾಟಿಯಲ್ಲಿ ಮಕ್ಕಳು ವಾಂತಿ ಮಾಡುವುದಂತೂ ಇದ್ದದ್ದೇ. ಒರೆಸಿ ಆದ ಮೇಲೆ ಅಡುಗೆ ಸೋಡಾ ಎರಡು ಮೂರು ಚಮಚ ಉದುರಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಹುಳಿ ವಾಸನೆ ಹೋಗುತ್ತದೆ. ನುಸಿಗುಳಿಗೆ ಮಾತ್ರ ಕಾರಿನಲ್ಲಿ ಇಡಬೇಡಿ. ಮುಚ್ಚಿದ ಕಾರಿನಲ್ಲಿ ಆ ಗಾಳಿ ಕುಡಿಯುವುದು ಒಳ್ಳೆಯದಲ್ಲ, ಎಳೆ ಮಕ್ಕಳಿಗಂತೂ ಅಪಾಯ. ಒಂದು ಬಟ್ಟೆ ಚೀಲದಲ್ಲಿ ಒಲೆಯ ಇದ್ದಿಲು ಕಟ್ಟಿ ಸೀಟಿನ ಕೆಳಗೆ ಇಡಿ.

ಇನ್ನು ಡ್ಯಾಶ್‌ಬೋರ್ಡ್. ಅದಕ್ಕೆ ನಾನು ಕೊಬ್ಬರಿ ಎಣ್ಣೆ ಹಚ್ಚಿದ್ದೆ. ನಗಬೇಡಿ. ಮೊದಲ ದಿನ ಹೊಸ ಕಾರಿನ ಹಾಗೆ ಮಿಂಚಿತು. ಎರಡನೇ ದಿನ ಬಿಸಿಲಲ್ಲಿ ಹೊರಟರೆ ಡ್ಯಾಶ್‌ಬೋರ್ಡಿನ ಹೊಳಪು ಮುಂದಿನ ಗಾಜಿನಲ್ಲಿ ಬಿದ್ದು ರಸ್ತೆಯೇ ಸರಿಯಾಗಿ ಕಾಣಲಿಲ್ಲ. ನಾಲ್ಕನೇ ದಿನಕ್ಕೆ ಧೂಳು ಅಂಟಿ ಕೆಸರಿನ ಲೇಪ ಆಯಿತು. "ಇದಕ್ಕೆ ಒಗ್ಗರಣೆ ಒಂದು ಬಾಕಿ ಮಾರಾಯ್ತಿ" ಅಂದರು ನಮ್ಮ ಮನೆಯವರು. ಅಂಗಡಿಯಲ್ಲಿ ಸಿಗುವ ಎಣ್ಣೆ ಎಣ್ಣೆಯಾದ ಪಾಲಿಶ್ ಹಚ್ಚಿದರೂ ಇದೇ ಪಾಡು. ಹಿಂಡಿದ ಒದ್ದೆ ಬಟ್ಟೆ, ಹಿಂದೆಯೇ ಒಣ ಬಟ್ಟೆ, ಅಷ್ಟು ಸಾಕು. ಎಸಿಯ ಗಾಳಿ ಬರುವ ಸಂದಿಗೆ ಹಳೇ ಶೇವಿಂಗ್ ಬ್ರಷ್‌ಗಿಂತ ಒಳ್ಳೆ ಸಾಮಾನು ಇಲ್ಲ. ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಬಿರುಕು ಬಿಟ್ಟಿದ್ದರೆ ಬಿಟ್ಟಿದೆ, ಮನೆಯಲ್ಲಿ ತುಂಬಿಸಿದ್ದು ಯಾವುದೂ ಬಿಸಿಲಿಗೆ ನಿಲ್ಲುವುದಿಲ್ಲ. ನೆರಳಲ್ಲಿ ನಿಲ್ಲಿಸಿದರೆ ಬಿರುಕು ಬೆಳೆಯುವುದಾದರೂ ನಿಧಾನವಾಗುತ್ತದೆ. ಹಲಸಿನ ಮರ ಬೇಡ, ಅಷ್ಟೇ.

ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಯನ್ನು ಬದಲಿಸಬೇಕಾದರೆ ಕಿತ್ತು ಎಳೆಯಬೇಡಿ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಗಟ್ಟಿ ನೈಲಾನ್ ದಾರವನ್ನು ಅಡಿಗೆ ಸೇರಿಸಿ ಗರಗಸದ ಹಾಗೆ ಆಡಿಸಿ. ಉಳಿದ ಅಂಟಿಗೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ಕೊಬ್ಬರಿ ಎಣ್ಣೆಗೆ ಕಾರಿನಲ್ಲಿ ಇದೊಂದೇ ಕೆಲಸ.

ಸ್ಟೀರಿಂಗ್ ಮೇಲೆ ಕಪ್ಪು ಅಂಟು ಇದ್ದರೆ ಬಹುಪಾಲು ಕೈ ಬೆವರು, ಜಿಡ್ಡು. ಶಾಂಪೂ ನೀರು, ಟೂತ್‌ಬ್ರಷ್ ಸಾಕು. ತೊಳೆದ ಮೇಲೂ ಅಂಟಂಟಾಗಿದ್ದರೆ ಮೇಲಿನ ಪದರವೇ ಹಾಳಾಗಿದೆ. ಸೂಜಿ ದಾರದಲ್ಲಿ ಬಿಗಿಯಾಗಿ ಹೊಲಿಯುವ ಕವರ್ ತಂದು ನೀವೇ ಹೊಲಿಯಿರಿ, ಟಿವಿ ನೋಡುತ್ತಾ ಮಾಡುವ ಕೆಲಸ ಅಲ್ಲ, ಬೆರಳಿಗೆ ಚುಚ್ಚುತ್ತದೆ. ಸುಮ್ನೆ ಮೇಲೆ ತೊಡಿಸುವ ಸಡಿಲ ಕವರ್ ತಿರುವಿನಲ್ಲಿ ಜಾರಿದರೆ ಕಾರು ಒಂದು ಕಡೆ, ನಿಮ್ಮ ಕೈ ಒಂದು ಕಡೆ.

ಸೀಟ್ ಬೆಲ್ಟನ್ನು ಯಾರೂ ತೊಳೆಯುವುದಿಲ್ಲ. ಪೂರ್ತಿ ಹೊರಗೆ ಎಳೆದು, ವಾಪಸ್ ಹೋಗದಂತೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ. ಶಾಂಪೂ ನೀರಿನಲ್ಲಿ ಉದ್ದಕ್ಕೆ ಒರೆಸಿ. ಚೆನ್ನಾಗಿ ಒಣಗಿದ ಮೇಲೇ ಕ್ಲಿಪ್ ತೆಗೆಯಿರಿ, ಇಲ್ಲದಿದ್ದರೆ ಒಳಗೆ ಸುತ್ತಿಕೊಂಡು ಬೂಷ್ಟು ಹಿಡಿಯುತ್ತದೆ. ಅಂಚು ಎಳೆ ಬಿಟ್ಟಿದ್ದರೆ ಹೊಲಿಯಬೇಡಿ, ಬೆಲ್ಟನ್ನೇ ಬದಲಿಸಿ.

ಬಾಗಿಲಿನ ಒಳಹಲಗೆ ಬಿಚ್ಚಬೇಕಾದರೆ ಗಾಜು ಇಳಿಸುವ ಹಿಡಿ ಮೊದಲು ತೆಗೆಯಬೇಕು. ಅದಕ್ಕೆ ಸ್ಕ್ರೂ ಕಾಣುವುದಿಲ್ಲ. ಹಿಂದೆ ಒಂದು ಸಣ್ಣ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ನಾನು ಸ್ಕ್ರೂಡ್ರೈವರ್ ಹಾಕಿ ಒಂದು ಹಿಡಿ ಮುರಿದೆ. ಆಮೇಲೆ ನಮ್ಮೂರ ಗ್ಯಾರೇಜಿನ ಹುಡುಗ ತೋರಿಸಿಕೊಟ್ಟ. ಹಳೇ ಪಂಚೆಯ ಪಟ್ಟಿ ಒಂದನ್ನು ಹಿಡಿಯ ಹಿಂದೆ ಸೇರಿಸಿ, ಎರಡೂ ತುದಿ ಹಿಡಿದು ಬೆನ್ನು ಉಜ್ಜಿಕೊಳ್ಳುವ ಹಾಗೆ ಅತ್ತ ಇತ್ತ ಎಳೆಯುವುದು. ಬಟ್ಟೆ ಕ್ಲಿಪ್ಪಿಗೆ ಸಿಕ್ಕಿ ಅದನ್ನು ಎಳೆದು ಹಾಕುತ್ತದೆ. ಟಣ್ ಎಂದು ಹಾರಿ ಹೋಗುತ್ತದೆ, ಇನ್ನೊಂದು ಕೈ ಅಡ್ಡ ಇಟ್ಟುಕೊಳ್ಳಿ. ಹಲಗೆ ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ ಹಳೆಯದಾದರೆ ಒಂದಾದರೂ ಮುರಿಯುತ್ತದೆ, ಮೊದಲೇ ಹತ್ತು ತಂದಿಡಿ. ಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಳೆ ಕಂಡರೆ ಕಸ ಎಂದು ಎಸೆಯಬೇಡಿ. ಗಾಜಿನ ಮೇಲಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಹಲಗೆಗೆ ತಾಗದಂತೆ ತಡೆಯುವುದೇ ಅದು. ಹರಿದಿದ್ದರೆ ಹೊಸ ಪ್ಲಾಸ್ಟಿಕ್ ಕತ್ತರಿಸಿ ಅಂಟಿಸಿ.

ಚಾವಣಿಯ ಬಟ್ಟೆ ಜೋತುಬಿದ್ದರೆ ನಾನು ಕೈ ಹಾಕುವುದಿಲ್ಲ. ಮಗನ ಹಳೇ ಕಾರಿಗೆ ಹೀಗಾಗಿತ್ತು. ಅಂಟು ಬಿಟ್ಟಿದೆ ಎಂದು ಅವನು ಮತ್ತೆ ಅಂಟು ಹಚ್ಚಿದ, ವಾರಕ್ಕೇ ಜೋತುಬಿತ್ತು. ಬಟ್ಟೆಯ ಹಿಂದಿನ ತೆಳು ಫೋಮ್ ಬಿಸಿಲಿಗೆ ಪುಡಿಪುಡಿಯಾಗಿರುತ್ತದೆ. ಪುಡಿಯ ಮೇಲೆ ಅಂಟು ಹೇಗೆ ನಿಲ್ಲುತ್ತದೆ? ಆ ಬಟ್ಟೆ ಅಂಟಿಸಿದ ಚಾವಣಿಯ ಹಲಗೆ ಇಳಿಸಿ, ಪುಡಿ ಪೂರ್ತಿ ಉಜ್ಜಿ ತೆಗೆದು, ಹೊಸ ಬಟ್ಟೆ ಅಂಟಿಸಬೇಕು. ಕುಶನ್ ವರ್ಕ್ಸ್‌ನವರಿಗೆ ಕೊಡಿ. ಕುಳಿ ಬಿದ್ದ ಸೀಟನ್ನೂ ಅವರಿಗೇ ಕೊಡಿ, ಆದರೆ ಫೋಮಿನ ಡೆನ್ಸಿಟಿ ಎಷ್ಟು ಎಂದು ಕೇಳಿ, ಹಿಸುಕಿ ನೋಡಿ. ಹಗುರ ಫೋಮ್ ಹಾಕಿದರೆ ಆರು ತಿಂಗಳಿಗೆ ಮತ್ತೆ ಕುಳಿ.

ಎಲ್ಲ ವಾಪಸ್ ಜೋಡಿಸುವಾಗ ಸೀಟಿನ ಬೋಲ್ಟನ್ನು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ, ಸರಿಯಾಗಿ ಕೂತ ಮೇಲೆ ಸ್ಪ್ಯಾನರ್ ಹಾಕಿ. ಕೊನೆಗೆ ಒಮ್ಮೆ ಗ್ಯಾರೇಜಿನಲ್ಲಿ ಬಿಗಿ ನೋಡಿಸಿ. ಪೂಜೆಯ ದಿನ ಕುಂಕುಮವನ್ನು ಹೊಸದಾಗಿ ಹೊಲಿದ ಸ್ಟೀರಿಂಗಿಗೆ ಹಚ್ಚಬೇಡಿ, ಕಲೆ ಹೋಗುವುದಿಲ್ಲ. ಬಾನೆಟ್ಟಿಗೆ ಹಚ್ಚಿ. ಆಮೇಲೆ ಮ್ಯಾಟಿನ ಕೆಳಗೆ ನಾಲ್ಕೂ ಕಡೆ ಮತ್ತೆ ಪೇಪರ್ ಹಾಸಿಡಿ. ಹಿಂಗಾರು ಮಳೆ ಒಂದು ಬರಲಿ. ಮರುದಿನ ಬೆಳಿಗ್ಗೆ ಪೇಪರ್ ಗರಿಗರಿಯಾಗಿದ್ದರೆ ಅದರಲ್ಲೇ ಮುಂದಿನ ಗಾಜು ಒರೆಸಿಬಿಡಿ.