ಟಿಸಿಇ ಇಳಿಯಿತು, ಸರಿ. ಹೋಗಿದ್ದೆಲ್ಲಿಗೆ?

ಅಂತರ್ಜಲದ ಕೆಲಸವನ್ನು ನಾನು ಕಲಿತದ್ದು ಪೆಟ್ರೋಲ್ ಸೋರಿದ ಜಾಗಗಳಲ್ಲಿ. ಪೆಟ್ರೋಲ್ ನೀರಿಗಿಂತ ಹಗುರ. ಮಣ್ಣಿನಲ್ಲಿ ಇಳಿದು ನೀರಿನ ಮಟ್ಟ ಸಿಕ್ಕ ಕೂಡಲೇ ಅಲ್ಲೇ ಹರಡಿ ಕೂರುತ್ತದೆ. ಅದರಲ್ಲಿರುವ ಬೆಂಜೀನ್ ಕರಗಿ ನೀರಿನ ಜೊತೆ ಹೊರಡುತ್ತದೆ. ಆದರೆ ಸಾಮಾನ್ಯವಾಗಿ ಬಹಳ ದೂರ ಹೋಗುವುದಿಲ್ಲ, ಬ್ಯಾಕ್ಟೀರಿಯಾಗಳಿಗೆ ಅದು ಊಟ. ಹಾಗಾಗಿ ನೀರಿನ ಮಟ್ಟದ ಹತ್ತಿರ ಬಾವಿ ಕೊರೆಸು, ಬೆಂಜೀನ್ ಅಳೆ, ಇಳೀತಿದ್ರೆ ಖುಷಿಪಡು. ನನ್ನ ಸೂತ್ರ ಅಷ್ಟೇ ಇತ್ತು.

ಅದೇ ಸೂತ್ರ ಹಿಡಿದು ಒಂದು ಹಳೆಯ ವರ್ಕ್‌ಶಾಪ್ ಜಾಗಕ್ಕೆ ಹೋದೆ. ಲೋಹದ ಭಾಗಗಳ ಗ್ರೀಸ್ ತೆಗೆಯಲು ಅಲ್ಲಿ ವರ್ಷಗಟ್ಟಲೆ ಟ್ರೈಕ್ಲೋರೋಎಥಿಲೀನ್ ಬಳಸಿದ್ದರು. ನಾವು ಟಿಸಿಇ ಅಂತೀವಿ. ಎರಡು ವರ್ಷದ ಸ್ಯಾಂಪಲ್‌ಗಳಲ್ಲಿ ಅದು ಇಳಿಯುತ್ತಾ ಬಂತು. ‘ಮಾಲಿನ್ಯ ತಾನಾಗಿ ಕಡಿಮೆಯಾಗುತ್ತಿದೆ’ ಎಂದು ವರದಿ ಬರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಓದಿ ಕೇಳಿದ್ದು ಒಂದೇ ಪ್ರಶ್ನೆ: ‘ಇಳೀತಪ್ಪ, ಸರಿ. ಹೋಗಿದ್ದೆಲ್ಲಿಗೆ?’

ಉತ್ತರ ನನ್ನ ಶೀಟಿನಲ್ಲೇ ಇತ್ತು, ಟಿಸಿಇ ಒಡೆದಾಗ ಹುಟ್ಟುವ ವಸ್ತುಗಳ ಕಾಲಂ ನಾನು ನೋಡಿರಲಿಲ್ಲ. ಟಿಸಿಇ ಅಣುವಿನಲ್ಲಿ 3 ಕ್ಲೋರಿನ್ ಇರುತ್ತವೆ. ಆಮ್ಲಜನಕ ಇಲ್ಲದ ನೀರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಒಂದೊಂದೇ ಕ್ಲೋರಿನ್ ಕಿತ್ತು ಆ ಜಾಗಕ್ಕೆ ಹೈಡ್ರೋಜನ್ ಕೂರಿಸುತ್ತವೆ. ಮೊದಲು ಡೈಕ್ಲೋರೋಎಥಿಲೀನ್, ಆಮೇಲೆ ವೈನೈಲ್ ಕ್ಲೋರೈಡ್, ಕೊನೆಗೆ ಎಥಿಲೀನ್. ಕೊನೆಯದು ನಿರಪಾಯಕಾರಿ. ಅದಕ್ಕೂ ಹಿಂದಿನದು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಸಾಬೀತಾದ ವಸ್ತು. ಅಮೆರಿಕದ ಕುಡಿಯುವ ನೀರಿನ ಮಿತಿ ಟಿಸಿಇಗೆ ಲೀಟರಿಗೆ 5 ಮೈಕ್ರೋಗ್ರಾಂ ಇದ್ದರೆ, ವೈನೈಲ್ ಕ್ಲೋರೈಡ್‌ಗೆ ಬರೀ 2. ಅಂದರೆ ಅರ್ಧ ದಾರಿಯಲ್ಲಿ ನಿಂತರೆ ಮೊದಲಿಗಿಂತ ಕೆಟ್ಟ ಸ್ಥಿತಿ.

ಮೋಸ ಮಾಡಿದ್ದು ಮೈಕ್ರೋಗ್ರಾಂ ಲೆಕ್ಕ. 131 ಮೈಕ್ರೋಗ್ರಾಂ ಟಿಸಿಇ ಬದಲಾದರೆ 97 ಮೈಕ್ರೋಗ್ರಾಂ ಡೈಕ್ಲೋರೋಎಥಿಲೀನ್ ಆಗುತ್ತದೆ, ಅದು 62.5 ಮೈಕ್ರೋಗ್ರಾಂ ವೈನೈಲ್ ಕ್ಲೋರೈಡ್, ಅದು 28 ಎಥಿಲೀನ್. ಅಣುಗಳ ಸಂಖ್ಯೆ ಅಷ್ಟೇ ಇರುತ್ತದೆ, ತೂಕ ಮಾತ್ರ ಇಳಿಯುತ್ತದೆ. ಎಲ್ಲವನ್ನೂ ಮೋಲ್‌ಗೆ, ಅಂದರೆ ತೂಕ ಬಿಟ್ಟು ಅಣುಗಳ ಎಣಿಕೆಗೆ, ತಿರುಗಿಸಿ ಕೂಡಿದೆ. ಮೊತ್ತ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು! ಟಿಸಿಇ ಹೋಗಿರಲಿಲ್ಲ, ವೇಷ ಬದಲಿಸಿತ್ತು.

ವೇಷದ ಜೊತೆ ವೇಗವೂ ಬದಲಾಗುತ್ತದೆ. ನೀರು ದಿನಕ್ಕೆ 10 ಸೆಂಟಿಮೀಟರ್ ಸರಿದರೆ ವರ್ಷಕ್ಕೆ 36 ಮೀಟರ್. ಟಿಸಿಇ ಮಣ್ಣಿನ ಸಾವಯವ ಅಂಶಕ್ಕೆ ಅಂಟುತ್ತಾ ಬಿಡುತ್ತಾ ಸಾಗುವುದರಿಂದ ಹಿಂದೆ ಬೀಳುತ್ತದೆ. ತಡೆಯ ಅಂಕಿ, ಅಂದರೆ ನೀರು ಅದಕ್ಕಿಂತ ಎಷ್ಟು ಪಟ್ಟು ವೇಗ ಅನ್ನುವ ಲೆಕ್ಕ, 1.6 ಆದರೆ 23 ಮೀಟರ್ ಆಸುಪಾಸು. ವೈನೈಲ್ ಕ್ಲೋರೈಡ್ ಅಷ್ಟು ಅಂಟುವುದಿಲ್ಲ, ಮುಂದೆ ಓಡುತ್ತದೆ. ನಮ್ಮ ಕೊನೆಯ ಬಾವಿಯಲ್ಲಿ ಟಿಸಿಇ ಸಿಗದೆ ಅದು ಮಾತ್ರ ಸಿಕ್ಕಿದ್ದು ಯಾಕೆ ಅಂತ ಆಗ ಹೊಳೆಯಿತು.

ಇನ್ನೊಂದು ತಪ್ಪು ಆಳದ್ದು. ಟಿಸಿಇ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೀರಿನ ಮಟ್ಟ ದಾಟಿ ಮುಳುಗುತ್ತದೆ, ಜೇಡಿಮಣ್ಣಿನ ಪದರ ಸಿಕ್ಕರೆ ಅದರ ಮೇಲೆ ನಿಲ್ಲುತ್ತದೆ. ನಾನು ಕೊರೆಸಿದ್ದ ಬಾವಿಗಳೆಲ್ಲ ಪೆಟ್ರೋಲ್ ಅಭ್ಯಾಸದ ಮೇಲುಮೇಲಿನ ಬಾವಿಗಳು. ಆಳದಲ್ಲಿ ಹೊಸದಾಗಿ ಕೊರೆಸಿದ ಮೂರರಲ್ಲಿ ಎರಡರಲ್ಲಿ ಟಿಸಿಇ ಜಾಸ್ತಿ ಇತ್ತು.

ಸ್ಯಾಂಪಲ್ ವಿಷಯದಲ್ಲಿ ಈಗ ನಾನು ಸ್ವಲ್ಪ ಹಟಮಾರಿ. ಬೇಲರ್ (ಹಗ್ಗಕ್ಕೆ ಕಟ್ಟಿ ನೀರು ಎತ್ತುವ ಕೊಳವೆ) ಇಳಿಬಿಟ್ಟು ನೀರು ಕಲಕುವುದಿಲ್ಲ. ಪಂಪನ್ನು ನಿಧಾನಕ್ಕೆ ಓಡಿಸಿ, ಆಮ್ಲಜನಕದ ರೀಡಿಂಗ್ ಏರಿಳಿಯದೆ ಸ್ಥಿರವಾದ ಮೇಲೆಯೇ 40 ಮಿಲಿಲೀಟರ್ ಬಾಟಲಿ ತುಂಬುತ್ತೇನೆ. ಮುಚ್ಚಳ ಹಾಕಿ ತಲೆಕೆಳಗು ಮಾಡಿ ತಟ್ಟಿದಾಗ ಗುಳ್ಳೆ ಕಂಡರೆ ಅದು ವ್ಯರ್ಥ, ಆವಿಯಾಗುವ ವಸ್ತು ಗುಳ್ಳೆಗೆ ಸೇರಿಬಿಡುತ್ತದೆ. ಮೇಲೆ ತಿಳಿಯಾಗಿ ಬಂದ ನೀರು ತೆರೆದ ಬಾಟಲಿಯಲ್ಲಿ ರಾತ್ರಿ ಕಳೆದು ತುಕ್ಕಿನ ಬಣ್ಣಕ್ಕೆ ತಿರುಗಿದರೆ ನನಗೆ ಖುಷಿ. ಕೆಳಗೆ ಆಮ್ಲಜನಕ ಮುಗಿದು ಕಬ್ಬಿಣ ಕರಗಿದೆ ಅಂತ ಅರ್ಥ. ಕ್ಲೋರಿನ್ ಕೀಳುವ ಕೆಲಸಕ್ಕೆ ಅಂಥ ಜಾಗವೇ ಬೇಕು.

ಆ ಜಾಗದಲ್ಲೊಂದು ತಮಾಷೆ ಇತ್ತು. ಪಕ್ಕದ ಹಳೆಯ ಟ್ಯಾಂಕಿನಿಂದ ಪೆಟ್ರೋಲೂ ಸೋರಿತ್ತು. ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲಜನಕ ಖಾಲಿ ಮಾಡಿದ್ದವು, ಟಿಸಿಇ ಒಡೆಯುವವುಗಳಿಗೂ ಅದರಿಂದಲೇ ಹೊಟ್ಟೆ ತುಂಬುತ್ತಿತ್ತು. ಒಂದು ಕೊಳಕು ಇನ್ನೊಂದನ್ನು ತೊಳೆಯುತ್ತಿತ್ತು ಅಲ್ವಾ! ಆದರೆ ಪೆಟ್ರೋಲ್ ಮುಗಿದಲ್ಲಿ ಕೆಲಸ ಡೈಕ್ಲೋರೋಎಥಿಲೀನ್‌ನಲ್ಲೇ ನಿಂತುಬಿಟ್ಟಿತ್ತು.

ಅಲ್ಲಿಗೆ ನಾವೇ ಊಟ ಹಾಕಿದೆವು, ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆದ ಸಸ್ಯದ ಎಣ್ಣೆ. ಅದು ಕೊಳೆತಾಗ ಬರುವ ಹೈಡ್ರೋಜನ್ನೇ ಬ್ಯಾಕ್ಟೀರಿಯಾಗಳಿಗೆ ಬೇಕಾದ್ದು. ಮೊದಲು ಮೀಥೇನ್ ಏರಿತು, ಆಮ್ಲಜನಕ ಪೂರ್ತಿ ಮುಗಿದ ಗುರುತು ಅದು. ಆಮೇಲೆ ಡೈಕ್ಲೋರೋಎಥಿಲೀನ್ ಇಳಿದು ವೈನೈಲ್ ಕ್ಲೋರೈಡ್ ಏರಿತು. ಕೆಲಸ ಕೊಟ್ಟವರು ಗಾಬರಿಯಿಂದ ಫೋನ್ ಮಾಡಿದರು: ‘ಇನ್ನೂ ಕೆಡಿಸಿದ್ರಲ್ರೀ!’ ನಾನು ‘ಕೊನೆಯ ಕಾಲಂ ನೋಡಿ’ ಅಂದೆ. ಅಷ್ಟು ದಿನ ‘ಪತ್ತೆಯಾಗಿಲ್ಲ’ ಎಂದಿದ್ದ ಕಡೆ ಎಥಿಲೀನ್‌ಗೆ ಮೊದಲ ಸಲ ಅಂಕಿ ಬಂದಿತ್ತು.