ಮಂಡಿ ಆಪರೇಶನ್ ಆದ್ಮೇಲೆ ಫೋನನ್ನ ಹೇಗೆ ಬಳಸ್ಕೋಬೇಕು

ಮನೇಲಿ ಅಮ್ಮನಿಗೋ ಅಪ್ಪನಿಗೋ ಮಂಡಿ ರಿಪ್ಲೇಸ್‌ಮೆಂಟ್ ಆಗಿದ್ರೆ ಪ್ಲೇ ಸ್ಟೋರಲ್ಲಿ ಮೊದಲು ಕಂಡ ಆ್ಯಪ್ ಹಾಕ್ಕೊಂಡು ಶುರು ಮಾಡ್ಬೇಡಿ, ಫಿಸಿಯೋ ಕೊಟ್ಟ ಎಕ್ಸರ್‌ಸೈಜ್ ಲಿಸ್ಟೇ ಮುಖ್ಯ, ಆ್ಯಪ್ ಇರೋದು ನೆನಪಿಸೋಕೆ. ಪಾದ ಮೇಲೆ ಕೆಳಗೆ ಆಡ್ಸೋದು, ತೊಡೆ ಬಿಗಿ ಹಿಡಿಯೋದು, ಹಿಮ್ಮಡಿ ಜಾರಿಸಿ ಮಂಡಿ ಮಡಚೋದು ಇವನ್ನೆಲ್ಲ ಅವ್ರು ಮಾಡ್ಸುವಾಗ್ಲೇ ಕೇಳಿ ವಿಡಿಯೋ ತಗೊಂಡಿಡಿ, ಒಂದೊಂದಕ್ಕೂ ಅಲಾರಂ ಇಡಿ.

ಮಂಡಿ ಎಷ್ಟು ಮಡಚ್ತಿದೆ ಅಂತ ನೋಡೋಕೆ ಫ್ರೀ ಕ್ಲೈನೋಮೀಟರ್ ಆ್ಯಪ್ (ಫೋನ್ ಎಷ್ಟು ಓರೆಯಾಗಿದೆ ಅಂತ ಡಿಗ್ರೀಲಿ ತೋರಿಸೋದು) ಸಾಕು. ಮಂಚದ ಮೇಲೆ ಅಂಗಾತ ಮಲಗಿ, ಪಾದ ಹಾಸಿಗೆ ಮೇಲೇ ಇರ್ಲಿ, ಹಿಮ್ಮಡಿ ಆದಷ್ಟು ಎಳ್ಕೊಂಡು ಫೋನನ್ನ ತೊಡೆ ಮೇಲೆ ಉದ್ದಕ್ಕೆ ಇಟ್ರೆ 40 ಡಿಗ್ರಿ, ಮಂಡಿ ಕೆಳಗಿನ ಮೂಳೆ ಮೇಲೆ ಇಟ್ರೆ 45 ತೋರಿಸ್ತು ಅನ್ಕೊಳ್ಳಿ, ಎರಡೂ ಕೂಡಿಸಿ, 85. ಹೊಲಿಗೆಗೆ ಮಾತ್ರ ಫೋನ್ ತಾಗಿಸ್ಬೇಡಿ. 90 ಬಂದ್ರೆ ಕುರ್ಚೀಲಿ ಕೂರೋದು ಸಲೀಸು. ಕಾಲು ಪೂರ್ತಿ ನೆಟ್ಟಗಾಗೋದೂ ಅಷ್ಟೇ ಮುಖ್ಯ, ಆದ್ರೆ ನಮ್ಮೋರು ಹಾಯಾಗಿರುತ್ತೆ ಅಂತ ಮಂಡಿ ಕೆಳಗೆ ದಿಂಬು ತುರುಕ್ಕೊಂಡೇ ಮಲಗ್ತಾರೆ!

ಸ್ಟೆಪ್ ಕೌಂಟ್ ಜಾಸ್ತಿ ನಂಬ್ಬೇಡಿ. ವಾಕರ್ ಹಿಡ್ಕೊಂಡು ನಿಧಾನ ನಡೆದ್ರೆ ಫೋನ್ ಅರ್ಧಂಬರ್ಧ ಎಣಿಸುತ್ತೆ, ನೈಟಿಗೆ ಜೇಬೂ ಇರಲ್ಲ. ಸಂಜೆ ಊತ, ನೋವು ಜಾಸ್ತಿಯಾದ್ರೆ ಮಾರನೇ ದಿನ ನಡಿಗೆ ಕಮ್ಮಿ ಮಾಡಿ, ಆ್ಯಪಿನ ಟಾರ್ಗೆಟ್ ಏನಾದ್ರೂ ಇರ್ಲಿ.

ಮೀನಖಂಡ ಊದಿ ನೋವು, ಜ್ವರ, ಗಾಯದಿಂದ ಕೀವು ಕಂಡ್ರೆ ಆ್ಯಪಿನ ಚಾಟಲ್ಲಿ ಟೈಪ್ ಮಾಡ್ತಾ ಕೂರದೆ ಡಾಕ್ಟರಿಗೆ ಫೋನ್ ಮಾಡಿ, ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ ತಕ್ಷಣ 108.